ನಂಬಿಕೆ ಅಲುಗಿದಾಗ ಬ್ಯಾಂಕು ನಿಲ್ಲುವ ಬಗೆ

ಫೆಬ್ರವರಿ, ಮಾರ್ಚ್ ತಿಂಗಳು ಬಂತೆಂದರೆ ಬಾಳೆಹೊನ್ನೂರಿನ ಸುತ್ತಿನ ಕಾಫಿ ತೋಟದವರ ಕಣ್ಣೆಲ್ಲ ಆಕಾಶದ ಮೇಲೆಯೇ. ಹೂಮಳೆ ಸಕಾಲಕ್ಕೆ ಬಿದ್ದರೆ ಸರಿ; ಬೀಳದಿದ್ದರೆ ರೊಬಸ್ಟಾ ಗಿಡಗಳಿಗೆ ಕೆರೆಯ ನೀರನ್ನೋ ಹಳ್ಳದ ನೀರನ್ನೋ ಪಂಪಿನಿಂದ ಎತ್ತಿ ತುಂತುರು ಹಾಯಿಸಬೇಕು. ಹತ್ತು ತೋಟದವರು ಹಂಚಿಕೊಂಡಿರುವ ಒಂದು ಕೆರೆಯನ್ನು ಮನಸ್ಸಿಗೆ ತಂದುಕೊಳ್ಳಿ. ಇಂದು ಒಬ್ಬರು, ನಾಳಿದ್ದು ಮತ್ತೊಬ್ಬರು ಎಂದು ನೀರೆತ್ತಿದರೆ, ಒರತೆಯೂ ಜೊತೆಗೂಡಿ, ಕೆರೆ ಹತ್ತು ತೋಟಗಳನ್ನೂ ಬೇಸಗೆ ದಾಟಿಸೀತು. ಆದರೆ "ಈ ಸಾರಿ ಕೆರೆ ಸಾಲದಂತೆ" ಎಂಬ ಒಂದು ಮಾತು ಹೊರಟು, ಹತ್ತು ಪಂಪುಗಳೂ ಒಂದೇ ರಾತ್ರಿ ಓಡಿದರೆ, ಬೆಳಗಾಗುವುದರೊಳಗೆ ಕೆಸರು ಕಾಣುತ್ತದೆ. ಮಾತು ಹುಟ್ಟಿದಾಗ ಸುಳ್ಳಾಗಿತ್ತು. ಎಲ್ಲರೂ ನಂಬಿದ್ದರಿಂದ ನಿಜವಾಯಿತು.

ಬ್ಯಾಂಕಿನ ವ್ಯವಹಾರವೂ ಬಹುಮಟ್ಟಿಗೆ ಹೀಗೆಯೇ. ನಾವು ಬೆವರು ಸುರಿಸಿ ಉಳಿಸಿದ ಹಣವನ್ನು ಅಲ್ಲಿ ಇಟ್ಟಿದ್ದೇವೆ. ಕೇಳಿದ ದಿನ ಕೊಡುತ್ತಾರೆ ಎಂಬ ನಂಬಿಕೆಯೇ ಆ ವ್ಯವಹಾರದ ತಳಪಾಯ. ಆ ನಂಬಿಕೆ ಒಂದು ದಿನ ಅಲುಗಿದರೆ ದೊಡ್ಡ ಬ್ಯಾಂಕೊಂದು ಏನು ಮಾಡುತ್ತದೆ? ಯಾವ ಬಲದ ಮೇಲೆ ನಿಲ್ಲುತ್ತದೆ? ಯಾವ ಬ್ಯಾಂಕು ನಿಲ್ಲದೆ ಬೀಳುತ್ತದೆ? ಮತ್ತು ಆ ಹೊತ್ತಿನಲ್ಲಿ ನಾವು, ತಾವು ಏನು ಮಾಡಬೇಕು? ಇಂದಿನ ಭಾಷಣದಲ್ಲಿ ಈ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ.

ಮೊದಲು ಒಂದು ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಬ್ಯಾಂಕಿನಲ್ಲಿಟ್ಟ ಹಣ ಅಲ್ಲಿನ ತಿಜೋರಿಯಲ್ಲಿ ನಮ್ಮ ಹೆಸರು ಬರೆದುಕೊಂಡು ಕುಳಿತಿರುವುದಿಲ್ಲ. ತಾವು 100 ರೂಪಾಯಿ ಠೇವಣಿ ಇಟ್ಟಿರೆಂದರೆ, ಅದರಲ್ಲಿ ಒಂದು ಸಣ್ಣ ಪಾಲನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನಲ್ಲಿ ಕಡ್ಡಾಯವಾಗಿ ಇಡಬೇಕು. ಈ ಪಾಲು 2025ರ ನವೆಂಬರ್ ಕೊನೆಗೆ ಶೇಕಡ 3ಕ್ಕೆ ಇಳಿಯಿತು. ಅದಲ್ಲದೆ ಶೇಕಡ 18ರಷ್ಟನ್ನು ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಿರಬೇಕೆಂಬ ನಿಯಮವಿದೆ. ದಿನದ ಕೊಡುಕೊಳ್ಳುವಿಕೆಗೆ ಬೇಕಾದ ನಗದು ಶಾಖೆಗಳಲ್ಲಿಯೂ ಎ.ಟಿ.ಎಂ.ಗಳಲ್ಲಿಯೂ ಇರುತ್ತದೆ. ಉಳಿದದ್ದರ ಬಹುಪಾಲು ಸಾಲವಾಗಿ ಹೊರಗೆ ಹೋಗಿರುತ್ತದೆ. ಒಬ್ಬರ ಮನೆಯ ಗೋಡೆಯಾಗಿ, ಇನ್ನೊಬ್ಬರ ಲಾರಿಯಾಗಿ, ತೋಟದ ಗೊಬ್ಬರವಾಗಿ, ಕೊಯ್ಲಿನ ಕಾಲದ ಆಳುಗಳ ಬಟವಾಡೆಯಾಗಿ ಅದು ಊರಿನಲ್ಲಿ ಓಡಾಡುತ್ತಿರುತ್ತದೆ. ಆ ಸಾಲ ಮರಳಲು ತಿಂಗಳುಗಳು ಬೇಕು, ವರ್ಷಗಳೂ ಬೇಕು. ಆದರೆ ಉಳಿತಾಯ ಖಾತೆಯ ಹಣವನ್ನು ಕೇಳಿದ ಕೂಡಲೇ ಕೊಡಬೇಕು. ನಿಧಾನವಾಗಿ ಬರುವ ಹಣದ ಮೇಲೆ ಕೂಡಲೇ ಕೊಡುವ ಮಾತು ಕೊಟ್ಟಿರುವುದೇ ಬ್ಯಾಂಕಿನ ಕಸುಬು. ಅದರ ಅಪಾಯವೂ ಅಲ್ಲಿಯೇ ಇದೆ.

ಆದ್ದರಿಂದ ಜನ ಗಾಬರಿಗೊಂಡು ಬ್ಯಾಂಕಿನ ಬಾಗಿಲಿಗೆ ಓಡುವುದನ್ನು ಬರಿಯ ಮೂಢತನವೆಂದು ತಳ್ಳಿಹಾಕುವಂತಿಲ್ಲ. ಸಾಲಿನಲ್ಲಿ ಮೊದಲು ನಿಂತವನಿಗೆ ಪೂರ್ತಿ ಹಣ ಸಿಕ್ಕು, ಕೊನೆಯವನಿಗೆ ಬಾಗಿಲು ಮುಚ್ಚಿದ ಬೀಗ ಮಾತ್ರ ಕಾಣುವುದಾದರೆ, ಮೊದಲು ನಿಲ್ಲಬೇಕೆನಿಸುವುದು ಸಹಜವೇ. ಒಬ್ಬೊಬ್ಬನ ಜಾಣತನ ಕೂಡಿ ಊರಿಗೆಲ್ಲ ನಷ್ಟವಾಗುವುದು ಇಲ್ಲಿಯ ವಿಚಿತ್ರ. ಜನಕ್ಕೆ ಬರಿಯ ಬುದ್ಧಿವಾದ ಹೇಳಿದರೆ ಈ ತೊಡಕು ಬಿಡುವುದಿಲ್ಲ. ಕೊನೆಯಲ್ಲಿ ನಿಂತವನಿಗೂ ಹಣ ಸಿಗುತ್ತದೆ ಎಂಬ ಏರ್ಪಾಡು ಮೊದಲೇ ಇರಬೇಕು.

ದಕ್ಷಿಣ ಭಾರತ ಈ ಪಾಠವನ್ನು ಕಷ್ಟದಿಂದ ಕಲಿತಿದೆ. 1906ರ ಅಕ್ಟೋಬರಿನಲ್ಲಿ ಮದರಾಸಿನ ಅರ್ಬತ್‌ನಾಟ್ ಕಂಪನಿ ಎಂಬ ದೊಡ್ಡ ವ್ಯಾಪಾರ ಸಂಸ್ಥೆ ಮುಳುಗಿತು. ಅದನ್ನು ನಂಬಿ ಹಣವಿಟ್ಟಿದ್ದ ಸಾವಿರಾರು ಸಂಸಾರಗಳು ಬೀದಿಗೆ ಬಂದವು. 1960ರ ಆಗಸ್ಟ್ 8ರಂದು ಕೇರಳದ ಪಾಲಾ ಸೆಂಟ್ರಲ್ ಬ್ಯಾಂಕು ಮುಚ್ಚಿತು. ಆಗ ಅಕ್ಕಪಕ್ಕದ ಇತರ ಬ್ಯಾಂಕುಗಳಿಗೂ ದಿಗಿಲು ಹಬ್ಬಿತು. ಈ ಎರಡನೆಯ ಪೆಟ್ಟಿನ ಫಲವಾಗಿಯೇ ನಮ್ಮ ದೇಶದಲ್ಲಿ ಠೇವಣಿಗೆ ವಿಮೆ ಬಂತು. 1961ರಲ್ಲಿ ಶಾಸನವಾಗಿ, 1962ರ ಜನವರಿ 1ರಂದು ಠೇವಣಿ ವಿಮಾ ನಿಗಮ ಕೆಲಸ ಆರಂಭಿಸಿತು. ಆಗ ಒಬ್ಬ ಠೇವಣಿದಾರನಿಗೆ ದೊರೆಯುತ್ತಿದ್ದ ರಕ್ಷಣೆ 1,500 ರೂಪಾಯಿ. 1993ರಲ್ಲಿ ಅದು 1 ಲಕ್ಷವಾಯಿತು; 2020ರ ಫೆಬ್ರವರಿ 4ರಿಂದ 5 ಲಕ್ಷವಾಯಿತು.

ವಿಮೆ ಕೊನೆಯ ಆಸರೆ. ಅದಕ್ಕೆ ಮೊದಲು ಬ್ಯಾಂಕು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಹಾಗೆ ನಿಲ್ಲುವ ಬಲ ಮೊದಲಿಗೆ ಎಲ್ಲಿಂದ ಬರುತ್ತದೆಂದರೆ, ಅದರಲ್ಲಿರುವ ಹಣ ಯಾರದು ಎಂಬುದರಿಂದ.

ಈ ಸಂಗತಿಯನ್ನು ಘಟ್ಟದ ಕೆಳಗಿನ ನಮ್ಮ ನೆರೆಯವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮುಂದೆ ಕೆನರಾ ಬ್ಯಾಂಕಾದ ನಿಧಿಯನ್ನು ಹುಟ್ಟುಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆ ಪ್ರಾರಂಭವಾಯಿತು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಇವರು ಸೇರಿ ಉಡುಪಿಯಲ್ಲಿಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಕಟ್ಟಿದರು. 1928ರಲ್ಲಿ ಅವರು ತಂದ ಪಿಗ್ಮಿ ಠೇವಣಿಯನ್ನು ಹಿರಿಯರು ಮರೆತಿರಲಾರರು. ಬ್ಯಾಂಕಿನ ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಪುಟ್ಟ ಹಣವನ್ನೂ ಪಡೆದು, ಪುಸ್ತಕದಲ್ಲಿ ಬರೆದುಕೊಟ್ಟು ಹೋಗುತ್ತಿದ್ದರು. ಎರಡಾಣೆಯಿಂದ ಬ್ಯಾಂಕು ಬೆಳೆಯುವುದೇ ಎಂದು ನಕ್ಕವರೂ ಇದ್ದಿರಬೇಕು. ಆದರೆ ಲೆಕ್ಕ ಬಲ್ಲವರಿಗೆ ಅದರ ಗುಟ್ಟು ತಿಳಿದಿತ್ತು. ಹತ್ತು ಸಾಹುಕಾರರ ಹತ್ತು ಸಾವಿರಕ್ಕಿಂತ ಸಾವಿರ ಸಂಸಾರಗಳ ನೂರು ನೂರು ರೂಪಾಯಿ ಹೆಚ್ಚು ಗಟ್ಟಿ. ಸಾಹುಕಾರನೊಬ್ಬ ಮುನಿಸಿಕೊಂಡರೆ ಹತ್ತರಲ್ಲಿ ಒಂದು ಪಾಲು ಹೊರಟಿತು. ಸಾವಿರ ಸಂಸಾರಗಳಿಗಾದರೋ ಸಾವಿರ ಬೇರೆ ಬೇರೆ ಕಾರಣಗಳಿರುತ್ತವೆ. ಒಬ್ಬರ ಮನೆಯಲ್ಲಿ ಮದುವೆ ಎಂದು ಹಣ ತೆಗೆದರೆ ಇನ್ನೊಬ್ಬರ ಮನೆಗೆ ಅಡಿಕೆ ಮಾರಿದ ಹಣ ಬಂದಿರುತ್ತದೆ. ಎಲ್ಲರೂ ಒಂದೇ ದಿನ ಬಾಗಿಲಿಗೆ ಬರುವುದು ಅಪರೂಪ.

ಪಿಗ್ಮಿಯ ಕಾಲದ ಈ ಅನುಭವದ ಮಾತು ಇಂದು ಲೋಕದ ಬ್ಯಾಂಕಿಂಗ್ ನಿಯಮವೇ ಆಗಿದೆ. 2008ರಲ್ಲಿ ಅಮೆರಿಕ, ಯೂರೋಪುಗಳ ದೊಡ್ಡ ದೊಡ್ಡ ಹಣಕಾಸು ಸಂಸ್ಥೆಗಳು ಉರುಳಿದವು. ಆನಂತರ ಸ್ವಿಟ್ಸರ್ಲೆಂಡಿನ ಬಾಸೆಲ್‌ನಲ್ಲಿ ಸೇರುವ ಅಂತರರಾಷ್ಟ್ರೀಯ ಸಮಿತಿ ಒಂದು ಪರೀಕ್ಷೆಯನ್ನು ಗೊತ್ತುಮಾಡಿತು. ನಮ್ಮ ರಿಸರ್ವ್ ಬ್ಯಾಂಕು ಅದನ್ನು 2015ರಿಂದ ಹಂತ ಹಂತವಾಗಿ ತಂದು, 2019ರ ಜನವರಿಯಿಂದ ಪೂರ್ತಿಯಾಗಿ ಜಾರಿಮಾಡಿತು. ಪರೀಕ್ಷೆಯ ಪ್ರಶ್ನೆ ಸರಳ: "ನಾಳೆಯಿಂದ 30 ದಿನ ಜನ ನಿಮ್ಮ ಮೇಲೆ ನಂಬಿಕೆ ಕಳೆದುಕೊಂಡರು ಎಂದಿಟ್ಟುಕೊಳ್ಳಿ. ಆ ಮೂವತ್ತು ದಿನದಲ್ಲಿ ಹೊರಹೋಗಬಹುದಾದ ಹಣಕ್ಕೆ ಸಾಲುವಷ್ಟು, ತಕ್ಷಣ ನಗದಾಗುವ ಆಸ್ತಿ ಇಂದೇ ನಿಮ್ಮ ಕೈಯಲ್ಲಿದೆಯೇ?"

ಎಷ್ಟು ಹೊರಹೋದೀತೆಂದು ಎಣಿಸುವ ಬಗೆಯನ್ನು ನೋಡಿದರೆ ಪಿಗ್ಮಿಯ ಗುಟ್ಟು ಅಲ್ಲಿ ಕಾಣುತ್ತದೆ. ಯಾವಾಗ ಬೇಕಾದರೂ ತೆಗೆಯಬಹುದಾದ ಸಾಮಾನ್ಯ ಸಂಸಾರಗಳ ಠೇವಣಿಯಲ್ಲಿ, ಅದರ ಸ್ವರೂಪಕ್ಕೆ ತಕ್ಕಂತೆ, ನೂರಕ್ಕೆ 5 ಅಥವಾ 10 ರೂಪಾಯಿ ಹೋದೀತೆಂದು ಇಟ್ಟುಕೊಳ್ಳುತ್ತಾರೆ. ಕಂಪನಿಗಳ ಮತ್ತು ಸರ್ಕಾರಿ ಸಂಸ್ಥೆಗಳ ಹಣದಲ್ಲಿ ಸಾಧಾರಣವಾಗಿ ನೂರಕ್ಕೆ 40 ಹೋದೀತೆಂದು ಲೆಕ್ಕ. ಇತರ ಬ್ಯಾಂಕುಗಳಿಂದಲೂ ಹಣಕಾಸು ಸಂಸ್ಥೆಗಳಿಂದಲೂ ತಂದ ಅಲ್ಪಾವಧಿಯ ಹಣವಾದರೋ ನೂರಕ್ಕೆ ನೂರೂ ಹೋಗುತ್ತದೆಂದೇ ಎಣಿಕೆ. ದೊಡ್ಡ ಹಣ ಸುದ್ದಿಯನ್ನು ಮೊದಲು ಕೇಳುತ್ತದೆ, ಮೊದಲು ಓಡುತ್ತದೆ.

ಇದನ್ನು ಒಂದು ಉದಾಹರಣೆಯಿಂದ ತೂಗಿ ನೋಡೋಣ. ಎರಡು ಬ್ಯಾಂಕುಗಳಿವೆ, ಒಂದೊಂದರಲ್ಲಿಯೂ 1,000 ಕೋಟಿ ರೂಪಾಯಿ ಇದೆ. ಮೊದಲನೆಯದರಲ್ಲಿ 900 ಕೋಟಿ ಸಂಸಾರಗಳದು, 100 ಕೋಟಿ ಕಂಪನಿಗಳದು. ಸಂಸಾರಗಳ ಹಣದಲ್ಲಿ ಹತ್ತನೆಯ ಒಂದು ಪಾಲು, ಎಂದರೆ 90 ಕೋಟಿ, ಕಂಪನಿಗಳದ್ದರಲ್ಲಿ 40 ಕೋಟಿ. ಒಟ್ಟು 130 ಕೋಟಿ ಕೈಯಲ್ಲಿದ್ದರೆ ಅದು ಬಿರುಗಾಳಿಯ ತಿಂಗಳನ್ನು ಕಳೆಯುತ್ತದೆ. ಎರಡನೆಯದರಲ್ಲಿ ಸಂಸಾರಗಳದು 200 ಕೋಟಿ, ಕಂಪನಿಗಳದು 300 ಕೋಟಿ, ಹಣಕಾಸು ಸಂಸ್ಥೆಗಳದು 500 ಕೋಟಿ. ಅದೇ ಲೆಕ್ಕದಲ್ಲಿ 20, 120, 500 ಸೇರಿ 640 ಕೋಟಿ ಬೇಕಾಗುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಗಾತ್ರದ ಬ್ಯಾಂಕುಗಳು. ಎರಡಕ್ಕೂ ಒಂದೇ ಬಗೆಯ ಗಾಜಿನ ಬಾಗಿಲು. ಗಾಳಿ ಬೀಸಿದಾಗ ಒಂದು ತೂಗಾಡೀತು, ಇನ್ನೊಂದು ಬುಡಮೇಲಾದೀತು.

ಇನ್ನು ಎರಡನೆಯ ಬಲ. ಹಣ ಹೊರಟಾಗ ಬ್ಯಾಂಕು ತೋಟದವನ ಸಾಲವನ್ನೋ ಮನೆಯ ಸಾಲವನ್ನೋ ಆ ದಿನವೇ ಹಿಂದಕ್ಕೆ ಕೇಳಲಾರದು. ಅದರ ಕೈಯಲ್ಲಿರುವ ಸರ್ಕಾರಿ ಸಾಲಪತ್ರಗಳು ಆಗ ಕೆಲಸಕ್ಕೆ ಬರುತ್ತವೆ. ಅವನ್ನು ಪೇಟೆಯಲ್ಲಿ ಮಾರಬಹುದು, ಇಲ್ಲವೇ ಒತ್ತೆಯಿಟ್ಟು ಹಣ ತರಬಹುದು. ಮೂರನೆಯ ಬಲವೇ ಒತ್ತೆ ಹಿಡಿಯುವ ರಿಸರ್ವ್ ಬ್ಯಾಂಕು. ಬ್ಯಾಂಕುಗಳಿಗೆ ಬೇರೆಲ್ಲಿಯೂ ಹಣ ಹುಟ್ಟದ ಹೊತ್ತಿನಲ್ಲಿ ಸಾಲಪತ್ರದ ಒತ್ತೆಯ ಮೇಲೆ ಒಂದು ರಾತ್ರಿಯ ಮಟ್ಟಿಗೆ ಹಣ ಕೊಡುವ ವಿಶೇಷ ಏರ್ಪಾಡೊಂದು 2011ರಿಂದ ಇದೆ. ಒಳ್ಳೆಯ ಆಸ್ತಿಯುಳ್ಳ ಬ್ಯಾಂಕು ಬರಿಯ ನಗದಿನ ಅಭಾವದಿಂದ ಸಾಯಬಾರದು ಎಂಬುದು ಅದರ ತಾತ್ಪರ್ಯ.

ಈ ಬಲಗಳೆಲ್ಲ ಕೂಡಿ ಕೆಲಸ ಮಾಡಿದ್ದನ್ನು ನಾವು 2008ರಲ್ಲಿ ಕಂಡೆವು. ಆ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಮನ್ ಸಂಸ್ಥೆ ಮುಳುಗಿದ ಸುದ್ದಿ ಬಂದಾಗ, ನಮ್ಮ ದೇಶದ ಅಂದಿನ ಅತಿ ದೊಡ್ಡ ಖಾಸಗಿ ಬ್ಯಾಂಕಾದ ಐ.ಸಿ.ಐ.ಸಿ.ಐ. ಬ್ಯಾಂಕಿನ ಬಗ್ಗೆಯೂ ವದಂತಿ ಹಬ್ಬಿತು. ಕೆಲವು ಊರುಗಳಲ್ಲಿ ಎ.ಟಿ.ಎಂ.ಗಳ ಮುಂದೆ ಜನ ಸಾಲುಗಟ್ಟಿದರು. ಸೆಪ್ಟೆಂಬರ್ 30ರಂದು ರಿಸರ್ವ್ ಬ್ಯಾಂಕು, ಆ ಬ್ಯಾಂಕಿನಲ್ಲಿ ಸಾಕಷ್ಟು ಹಣವಿದೆ, ಬೇಕಾದ ನಗದನ್ನು ಒದಗಿಸುವ ವ್ಯವಸ್ಥೆಯಾಗಿದೆ ಎಂದು ಬಹಿರಂಗವಾಗಿ ಹೇಳಿತು. ಕೇಳಿದವರಿಗೆಲ್ಲ ಹಣ ಸಿಕ್ಕಿತು. ಕೇಳಿದರೆ ಸಿಗುತ್ತದೆ ಎಂದು ಗೊತ್ತಾದ ಮೇಲೆ ಕೇಳುವವರು ಕಡಿಮೆಯಾದರು.

ನಮ್ಮ ರಾಜ್ಯದಲ್ಲಿಯೇ ಹೆಚ್ಚು ಹತ್ತಿರದ ಉದಾಹರಣೆಯೊಂದಿದೆ. ಇಲ್ಲಿ ನಂಬಿಕೆ ಕಳೆದುಕೊಂಡ ಗಿರಾಕಿ ಯಾರೋ ಬೀದಿಯ ಬಡಪಾಯಿಯಲ್ಲ, ಕರ್ನಾಟಕ ಸರ್ಕಾರವೇ. 2024ರ ಆಗಸ್ಟ್ 12ರ ತಾರೀಖಿನ ಸುತ್ತೋಲೆಯಲ್ಲಿ ರಾಜ್ಯದ ಹಣಕಾಸು ಇಲಾಖೆ, ಎಲ್ಲಾ ಇಲಾಖೆಗಳೂ ಮಂಡಳಿ, ನಿಗಮ, ವಿಶ್ವವಿದ್ಯಾನಿಲಯಗಳೂ ಭಾರತೀಯ ಸ್ಟೇಟ್ ಬ್ಯಾಂಕು ಮತ್ತು ಪಂಜಾಬ್ ನ್ಯಾಷನಲ್ ಬ್ಯಾಂಕುಗಳಲ್ಲಿರುವ ತಮ್ಮ ಠೇವಣಿಗಳನ್ನು ತೆಗೆದು ಖಾತೆಗಳನ್ನು ಮುಚ್ಚಬೇಕೆಂದು ಆಜ್ಞಾಪಿಸಿತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ 2011ರ ಠೇವಣಿಯಲ್ಲಿ 12 ಕೋಟಿ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ 2013ರ 10 ಕೋಟಿ ರೂಪಾಯಿಗಳು ವಂಚನೆಯಲ್ಲಿ ಸಿಕ್ಕಿಬಿದ್ದು ಹಲವು ವರ್ಷ ಕಳೆದರೂ ಮರಳಲಿಲ್ಲವೆಂಬುದು ಸರ್ಕಾರದ ದೂರು. ಎರಡನೆಯ ಠೇವಣಿ ಇಟ್ಟದ್ದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನಲ್ಲಿ. 1913ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಹುಟ್ಟಿ, ಹಳೆಯ ಮೈಸೂರಿನವರೆಲ್ಲ 'ಮೈಸೂರು ಬ್ಯಾಂಕು' ಎಂದು ಅಕ್ಕರೆಯಿಂದ ಕರೆಯುತ್ತಿದ್ದ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಗಿತ್ತು. ಆದ್ದರಿಂದ ದೂರೂ ಅದರ ಹೆಗಲಿಗೇ ಬಂತು.

ಒಂದು ಸರ್ಕಾರ ಹೀಗೆ ಬಹಿರಂಗವಾಗಿ ಬೆನ್ನು ತಿರುಗಿಸಿದರೆ ಸಣ್ಣ ಬ್ಯಾಂಕೊಂದು ಆ ವಾರವೇ ತತ್ತರಿಸಿಹೋಗುತ್ತಿತ್ತು. ಆದರೆ ಬೆಂಗಳೂರಿನಲ್ಲಾಗಲಿ ಮಲೆನಾಡಿನ ಪೇಟೆಗಳಲ್ಲಾಗಲಿ ಜನ ಪಾಸುಪುಸ್ತಕ ಹಿಡಿದು ಓಡಲಿಲ್ಲ. ಕಾರಣವನ್ನು ಅಂಕಿಗಳೇ ಹೇಳುತ್ತವೆ. ಆಗ ಸ್ಟೇಟ್ ಬ್ಯಾಂಕಿನ ಒಟ್ಟು ಠೇವಣಿ ಸುಮಾರು 49 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಹತ್ತಿರ ಹತ್ತಿರ ಐದರಲ್ಲಿ ಎರಡು ಪಾಲು ಉಳಿತಾಯ ಮತ್ತು ಚಾಲ್ತಿ ಖಾತೆಗಳದು. ಪಿಂಚಣಿಯವರು, ಉಪಾಧ್ಯಾಯರು, ಅಂಗಡಿಯವರು, ರೈತರು, ಹೀಗೆ ಕೋಟ್ಯಂತರ ಜನ ಆ ಕೆರೆಗೆ ನೀರು ತುಂಬಿದವರು. ಒಂದು ದೊಡ್ಡ ಪಂಪು ಓಡಿದರೆ ಅದರ ಮಟ್ಟ ಸ್ವಲ್ಪ ಇಳಿದೀತು, ತಳ ಕಾಣದು. ಮೇಲಾಗಿ, ಬಿದ್ದರೆ ದೇಶಕ್ಕೇ ಅಪಾಯವೆಂದು ರಿಸರ್ವ್ ಬ್ಯಾಂಕು 2015ರಲ್ಲಿ ಮೊದಲ ಬಾರಿಗೆ ಹೆಸರಿಸಿದ ಎರಡು ಬ್ಯಾಂಕುಗಳಲ್ಲಿ ಇದೊಂದು. ಅಂಥವು ಇತರ ಬ್ಯಾಂಕುಗಳಿಗಿಂತ ಹೆಚ್ಚು ಸ್ವಂತ ಬಂಡವಾಳ ಇಟ್ಟುಕೊಳ್ಳಬೇಕು.

ನಾಲ್ಕೇ ದಿನದಲ್ಲಿ, ಆಗಸ್ಟ್ 16ರಂದು, ಸುತ್ತೋಲೆಯನ್ನು 15 ದಿನ ತಡೆಹಿಡಿಯಲಾಯಿತು. ಮುಂದೆ ಬ್ಯಾಂಕುಗಳು ಹಣ ತುಂಬಿಕೊಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆಯಲಾಯಿತು. ಆದ್ದರಿಂದ ಪರೀಕ್ಷೆ ಪೂರ್ತಿ ನಡೆಯಿತೆಂದು ಹೇಳುವಂತಿಲ್ಲ. ಆದರೂ ಇಲ್ಲಿ ಗಮನಿಸತಕ್ಕ ಒಂದು ಮಾತಿದೆ. ವರ್ಷಗಟ್ಟಲೆ ಪತ್ರವ್ಯವಹಾರದಿಂದ ಬಾರದ ಹಣ, ಠೇವಣಿ ತೆಗೆಯುತ್ತೇವೆಂದಾಗ ಕೆಲವೇ ವಾರಗಳಲ್ಲಿ ಬಂತು. ಬೀಳದ ಬ್ಯಾಂಕಿಗೂ ಠೇವಣಿದಾರನ ಮುನಿಸು ತಟ್ಟುತ್ತದೆ. ಠೇವಣಿದಾರ ಕೈಚಾಚಿ ನಿಂತವನಲ್ಲ. ಬ್ಯಾಂಕಿಗೆ ಸಾಲ ಕೊಟ್ಟವನು.

ಹಾಗಾದರೆ ದೊಡ್ಡ ಬ್ಯಾಂಕುಗಳೆಲ್ಲ ಬೀಳದೆ ನಿಲ್ಲುತ್ತವೆಯೇ? ಇಲ್ಲ. ಯೆಸ್ ಬ್ಯಾಂಕಿನ ಕಥೆ ನೆನಪಿಸಿಕೊಳ್ಳಿ. 2019ರ ಸೆಪ್ಟೆಂಬರ್ ಕೊನೆಗೆ ಅಲ್ಲಿ ಸುಮಾರು 2 ಲಕ್ಷ 9 ಸಾವಿರ ಕೋಟಿ ರೂಪಾಯಿ ಠೇವಣಿ ಇತ್ತು. ಕೊಟ್ಟ ಸಾಲಗಳು ಕೆಟ್ಟಿವೆಯೆಂಬ ಸುದ್ದಿ ಬಲಿಯುತ್ತಾ ಬಂದಂತೆ, ಬಾಗಿಲ ಮುಂದೆ ಗದ್ದಲವಿಲ್ಲದೆ, ದೊಡ್ಡ ಹಣ ಮೊದಲು ಜಾರತೊಡಗಿತು. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕಿನ ಕೋರಿಕೆಯ ಮೇಲೆ ಕೇಂದ್ರ ಸರ್ಕಾರ ತಡೆಯಾಜ್ಞೆ ವಿಧಿಸಿ, ಒಬ್ಬರು 50,000 ರೂಪಾಯಿಗಿಂತ ಹೆಚ್ಚು ತೆಗೆಯಬಾರದೆಂದಿತು. ಸ್ಟೇಟ್ ಬ್ಯಾಂಕಿನ ಮುಂದಾಳತ್ವದಲ್ಲಿ ಎಂಟು ಸಂಸ್ಥೆಗಳು ಕೂಡಿ 10,000 ಕೋಟಿ ರೂಪಾಯಿ ಬಂಡವಾಳ ಹಾಕಿದವು. ಮಾರ್ಚ್ 18ರಂದು ತಡೆ ತೆರವಾಯಿತು. ಆ ತಿಂಗಳ ಕೊನೆಗೆ ಉಳಿದಿದ್ದ ಠೇವಣಿ ಸುಮಾರು 1 ಲಕ್ಷ 5 ಸಾವಿರ ಕೋಟಿ. ಆರು ತಿಂಗಳಲ್ಲಿ ಕೆರೆ ಅರ್ಧಕ್ಕಿಳಿದಿತ್ತು. ಸಾಮಾನ್ಯ ಠೇವಣಿದಾರರು ಹಣ ಕಳೆದುಕೊಳ್ಳಲಿಲ್ಲ ನಿಜ. ಆದರೆ ಆ ಹದಿಮೂರು ದಿನ ಆಸ್ಪತ್ರೆಯ ಖರ್ಚಿಗೂ ಮದುವೆಯ ಖರ್ಚಿಗೂ ತಮ್ಮ ಹಣವನ್ನೇ ತಾವು ಬೇಡುವಂತಾದವರ ಸಂಕಟ ಸಣ್ಣದಲ್ಲ.

ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಪತನ ಇನ್ನೂ ವೇಗದ್ದು. 2023ರ ಮಾರ್ಚ್ 9ರ ಒಂದೇ ದಿನದಲ್ಲಿ ಗಿರಾಕಿಗಳು 4,200 ಕೋಟಿ ಡಾಲರ್ ತೆಗೆದರು. ಮಾರನೆಯ ದಿನ ಬ್ಯಾಂಕು ಮುಚ್ಚಿತು. ಅದರ ಠೇವಣಿಗಳಲ್ಲಿ ಶೇಕಡ 90ಕ್ಕಿಂತ ಹೆಚ್ಚು ಪಾಲು ವಿಮೆಯ ಮಿತಿಗೆ ಹೊರಗಿನದು. ಬಹುತೇಕ ಗಿರಾಕಿಗಳು ಒಂದೇ ಬಗೆಯ ಉದ್ದಿಮೆಯವರು, ಒಬ್ಬರನ್ನೊಬ್ಬರು ಬಲ್ಲವರು, ಎಲ್ಲರ ಕೈಯಲ್ಲೂ ಫೋನು. ಬ್ಯಾಂಕಿನಲ್ಲಿ ಸರ್ಕಾರಿ ಬೆಂಬಲದ ಸಾಲಪತ್ರಗಳೇನೋ ಇದ್ದವು. ಆದರೆ ಅವು ದೀರ್ಘಾವಧಿಯವು. ಬಡ್ಡಿಯ ದರ ಏರಿದಾಗ ಅವುಗಳ ಬೆಲೆ ಇಳಿಯಿತು, ನಷ್ಟಕ್ಕೆ ಮಾರಬೇಕಾಯಿತು, ಆ ನಷ್ಟದ ಸುದ್ದಿಯೇ ಗಾಬರಿಗೆ ಕಿಡಿಯಾಯಿತು. ಹಿಂದೆ ಗಾಬರಿಯಾದವನು ಬಸ್ಸು ಹಿಡಿದು ಪೇಟೆಗೆ ಬಂದು, ಸಾಲಿನಲ್ಲಿ ನಿಂತು, ಐದು ಗಂಟೆಗೆ ಬಾಗಿಲು ಮುಚ್ಚಿದರೆ ಮನೆಗೆ ಹೋಗಿ ಒಂದು ರಾತ್ರಿ ಯೋಚಿಸುತ್ತಿದ್ದ. ಫೋನಿಗೆ ರಾತ್ರಿಯಿಲ್ಲ. ಈ ಅನುಭವ ಕಂಡು ನಮ್ಮ ರಿಸರ್ವ್ ಬ್ಯಾಂಕು 2025ರ ಏಪ್ರಿಲಿನಲ್ಲಿ ಒಂದು ಆದೇಶ ಹೊರಡಿಸಿತು. ಇಂಟರ್‌ನೆಟ್ಟಿನಲ್ಲಿಯೂ ಮೊಬೈಲಿನಲ್ಲಿಯೂ ನಡೆಸಬಹುದಾದ ಖಾತೆಗಳ ಹಣ ನೂರಕ್ಕೆ ಇನ್ನೂ ಎರಡೂವರೆ ರೂಪಾಯಿ ಹೆಚ್ಚಾಗಿ ಓಡೀತೆಂದು 2026ರ ಏಪ್ರಿಲ್ 1ರಿಂದ ಎಣಿಸತಕ್ಕದ್ದೆಂಬುದು ಆ ಆದೇಶ.

ಇಲ್ಲಿಯವರೆಗೆ ಹೇಳಿದ್ದು ಬರಿಯ ನಗದಿನ ಕೊರತೆಗೆ ಮದ್ದು. ಕೆರೆಗೆ ಹೊರಗಿನಿಂದ ನೀರು ಹಾಯಿಸಬಹುದು; ಏರಿಯೇ ಒಡೆದಿದ್ದರೆ ಹಾಯಿಸಿದ್ದೂ ಸೋರಿಹೋಗುತ್ತದೆ. ಬ್ಯಾಂಕು ಕೊಟ್ಟ ಸಾಲಗಳು ಮರಳುವಂತಿಲ್ಲದಿದ್ದರೆ ಯಾವ ಏರ್ಪಾಡೂ ಅದನ್ನು ಬಹುಕಾಲ ನಿಲ್ಲಿಸದು. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕು ಇದಕ್ಕೆ ನಮ್ಮ ಕಣ್ಣ ಮುಂದಿನ ನಿದರ್ಶನ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಅದರ ವ್ಯವಹಾರಕ್ಕೆ ತಡೆ ಹಾಕಿ, ಒಬ್ಬರಿಗೆ 35,000 ರೂಪಾಯಿಯ ಮಿತಿ ಗೊತ್ತುಮಾಡಿತು. ಅಲ್ಲಿ ಹಣವಿಟ್ಟವರಲ್ಲಿ ನಿವೃತ್ತರು ಬಹಳ ಮಂದಿ. ಒಂದಿಷ್ಟು ಹೆಚ್ಚಿನ ಬಡ್ಡಿ, ಪರಿಚಯದ ಮುಖಗಳು, ದೇವರ ಹೆಸರು, ಇಷ್ಟು ಸಾಕಾಗಿತ್ತು ಜೀವಮಾನದ ಉಳಿತಾಯವನ್ನು ಒಂದೇ ಕಡೆ ಇಡಲು. 2021ರಲ್ಲಿ ಠೇವಣಿ ವಿಮೆಯ ಕಾಯಿದೆ ತಿದ್ದುಪಡಿಯಾಗಿ, ಹೀಗೆ ತಡೆಗೊಳಗಾದ ಬ್ಯಾಂಕಿನ ಠೇವಣಿದಾರರಿಗೆ 90 ದಿನಗಳೊಳಗೆ ವಿಮೆಯ ಹಣ ಸಲ್ಲಬೇಕೆಂಬ ವಿಧಿ ಬಂದ ಮೇಲೆಯೇ ಅವರಿಗೆ 5 ಲಕ್ಷದವರೆಗಿನ ಮೊತ್ತ ದೊರಕಿದ್ದು. ಅದಕ್ಕಿಂತ ಹೆಚ್ಚು ಇಟ್ಟವರ ಕಾಯುವಿಕೆ ಅಲ್ಲಿಗೆ ಮುಗಿಯಲಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಹಣ ವರ್ಷವಿಡೀ ಸಮನಾಗಿ ಬರುವುದಿಲ್ಲ. ಕಾಫಿ, ಅಡಿಕೆ, ಮೆಣಸು ಮಾರಿದಾಗ ಒಮ್ಮೆಗೇ ದೊಡ್ಡ ಮೊತ್ತ ಕೈಸೇರುತ್ತದೆ; ಮಳೆಗಾಲ ಕಳೆಯುವುದರೊಳಗೆ ಗೊಬ್ಬರಕ್ಕೆ, ಕೂಲಿಗೆ, ಮಕ್ಕಳ ಓದಿಗೆ ಕರಗುತ್ತದೆ. ಆ ನಡುವಿನ ಕೆಲವು ತಿಂಗಳು ಅದು ಎಲ್ಲಿರುತ್ತದೆ ಎಂಬುದು ನಮಗೆ ದೊಡ್ಡ ಪ್ರಶ್ನೆ.

ಮೊದಲನೆಯದಾಗಿ, 5 ಲಕ್ಷದ ವಿಮೆಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಅದು ಅಸಲು ಬಡ್ಡಿ ಎರಡೂ ಸೇರಿ. ಒಂದೇ ಬ್ಯಾಂಕಿನ ಕೊಪ್ಪದ ಶಾಖೆಯಲ್ಲಿ ಸ್ವಲ್ಪ, ಬಾಳೆಹೊನ್ನೂರಿನ ಶಾಖೆಯಲ್ಲಿ ಸ್ವಲ್ಪ ಇಟ್ಟರೆ ಎರಡನ್ನೂ ಕೂಡಿಸಿಯೇ ಲೆಕ್ಕ, ಶಾಖೆಗೊಂದು ವಿಮೆಯಿಲ್ಲ. ಬೇರೆ ಬ್ಯಾಂಕಿನಲ್ಲಿಟ್ಟರೆ ಅಲ್ಲಿ ಬೇರೆ 5 ಲಕ್ಷ. ಈ ವಿಮೆಗೆ ಠೇವಣಿದಾರರು ಕಂತು ಕಟ್ಟಬೇಕಾಗಿಲ್ಲ, ಬ್ಯಾಂಕೇ ಕಟ್ಟುತ್ತದೆ.

ಎರಡನೆಯದು ಇನ್ನೂ ಮುಖ್ಯ. ಈ ವಿಮೆ ಇರುವುದು ಬ್ಯಾಂಕುಗಳಿಗೆ; ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಸಹಕಾರ ಬ್ಯಾಂಕುಗಳೂ ಇದರಲ್ಲಿ ಸೇರುತ್ತವೆ. ಆದರೆ ಪ್ರಾಥಮಿಕ ಸಹಕಾರ ಸಂಘಗಳೂ ಸೌಹಾರ್ದ ಪತ್ತಿನ ಸಹಕಾರಿಗಳೂ ಈ ವಿಮೆಯೊಳಗೆ ಬರುವುದಿಲ್ಲ. ನಮ್ಮ ಊರುಗಳಲ್ಲಿ ಇಂಥ ಸಂಘಗಳು ಬೇಕಾದಷ್ಟಿವೆ. ಬಹಳ ಸಂಘಗಳು ಪ್ರಾಮಾಣಿಕವಾಗಿ, ಊರಿಗೆ ಉಪಕಾರವಾಗುವಂತೆ ನಡೆಯುತ್ತಿವೆ. ಅಲ್ಲಿ ಹಣವಿಡಬೇಡಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿಡುವ ಹಣಕ್ಕೆ ಹಿಂದೆ ನಿಂತಿರುವುದು ಆ ಸಂಘದ ಆಡಳಿತದ ಯೋಗ್ಯತೆಯೊಂದೇ ಎಂಬುದನ್ನು ತಿಳಿದು ಇಡಿ. ವಾರ್ಷಿಕ ಮಹಾಸಭೆಗೆ ಹೋಗಿ. ಊಟ ಮಾಡಿ ಬರುವುದಕ್ಕೆ ಮೊದಲು ಲೆಕ್ಕಪರಿಶೋಧನೆಯ ವರದಿಯನ್ನು ಕೇಳಿ ಓದಿ. ಸುಸ್ತಿ ಸಾಲ ಎಷ್ಟು ಎಂದು ನಾಲ್ಕು ಜನರ ಎದುರಿಗೆ ಪ್ರಶ್ನಿಸಿ. ಹೆಚ್ಚಿನ ಬಡ್ಡಿಯನ್ನು ಯಾರೂ ಸುಮ್ಮನೆ ಕೊಡುವುದಿಲ್ಲ ಎಂಬುದು ನೆನಪಿರಲಿ.

ಮೂರನೆಯದು, ಗಾಳಿಮಾತಿನ ವಿಚಾರ. ಬ್ಯಾಂಕೊಂದು ಮುಳುಗುತ್ತದೆಯೆಂಬ ಸಂದೇಶ ರಾತ್ರಿ ಹತ್ತು ಗಂಟೆಗೆ ತಮ್ಮ ಫೋನಿಗೆ ಬಂದರೆ ಅದನ್ನು ಇನ್ನೈವತ್ತು ಜನಕ್ಕೆ ಕಳುಹಿಸಬೇಡಿ. ರಿಸರ್ವ್ ಬ್ಯಾಂಕು ಏನಾದರೂ ಹೇಳಿದೆಯೇ ನೋಡಿ. ಬೆಳಗ್ಗೆ ರೇಡಿಯೋ ಸುದ್ದಿ ಕೇಳಿ. ಶಾಖೆಗೆ ಹೋಗಿ ವಿಚಾರಿಸಿ. ತಮ್ಮ ಹಣ ವಿಮೆಯ ಮಿತಿಯೊಳಗಿದ್ದರೆ ಓಡುವ ಅಗತ್ಯವೇ ಇಲ್ಲ. ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಎರಡು ಮೂರು ಬ್ಯಾಂಕುಗಳಿಗೆ ಹಂಚುವ ಕೆಲಸವನ್ನು ಗಾಳಿಮಾತಿಲ್ಲದ ಶಾಂತ ದಿನದಲ್ಲಿ ಮಾಡಿಕೊಳ್ಳಿ. ಮನೆಯ ಹಿರಿಯರು ಯಾವ ಹಣ ಎಲ್ಲಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು, ನಾಮಿನಿಯ ಹೆಸರು ಹಾಕಿಸಿ, ಮನೆಯವರಿಗೆ ತಿಳಿಸಿಟ್ಟಿರಲಿ.

ಬ್ಯಾಂಕಿನ ಬಲವನ್ನು ಕಟ್ಟಡದ ಎತ್ತರದಿಂದ ಅಳೆಯಲಾಗದು. ಎಷ್ಟು ಮನೆಗಳ ಉಳಿತಾಯ ಅಲ್ಲಿ ಸೇರಿದೆ, ಬೇಕೆಂದಾಗ ನಗದಾಗುವ ಆಸ್ತಿ ಎಷ್ಟಿದೆ, ಕೊಟ್ಟ ಸಾಲ ಮರಳುವಂಥದೇ, ಕೊನೆಯಲ್ಲಿ ನಿಂತವನಿಗೂ ಸಿಗುವ ಭರವಸೆಯಿದೆಯೇ, ಇವು ಅದರ ಅಳತೆಗಳು. ಈ ನಾಲ್ಕರಲ್ಲಿ ಮೊದಲನೆಯದನ್ನು ಒದಗಿಸುವವರು ತಾವು, ನಾವು. ಸ್ಟೇಟ್ ಬ್ಯಾಂಕಿನಂಥ ದೊಡ್ಡ ಸಂಸ್ಥೆ ಒಂದು ಸರ್ಕಾರದ ಮುನಿಸನ್ನು ತಡೆದುಕೊಂಡದ್ದು ಪಿಂಚಣಿಯವರ, ಅಂಗಡಿಯವರ, ತೋಟದ ಆಳುಗಳ ಪುಟ್ಟ ಪುಟ್ಟ ಖಾತೆಗಳ ಆಧಾರದಿಂದ. ಅಷ್ಟು ಭಾರ ಹೊತ್ತವರಿಗೆ ಪ್ರಶ್ನೆ ಕೇಳುವ ಹಕ್ಕೂ ಇದೆ. ಮುಂದಿನ ಸಲ ಪಾಸುಪುಸ್ತಕ ಬರೆಸಲು ಹೋದಾಗ, ನಿಮ್ಮ ಹಣ ಎಲ್ಲಿದೆ, ಎಷ್ಟರಮಟ್ಟಿಗೆ ವಿಮೆಯಿದೆ ಎಂಬ ಎರಡು ಪ್ರಶ್ನೆಗಳನ್ನು ಸಂಕೋಚಪಡದೆ ಕೇಳಿ ಬನ್ನಿ.